ಹೊಳೆಯ ನಡುವಣ ಊರು: ಶ್ರೀರಂಗಪಟ್ಟಣದಲ್ಲಿ ಒಂದು ಹಗಲು

ನಾಗಮಂಗಲ, ಕೃಷ್ಣರಾಜಪೇಟೆ, ಪಾಂಡವಪುರ ಸೀಮೆಗಳ ಮನೆತನಗಳಲ್ಲಿ ಮಕ್ಕಳಿಗೆ ರಜೆ ಬಂದಿತೆಂದರೆ ಹಿರಿಯರು ಕಿರಿಯರೆಲ್ಲ ಕೂಡಿ ಶ್ರೀರಂಗಪಟ್ಟಣಕ್ಕೆ ಒಂದು ಹಗಲಿನ ಮಟ್ಟಿಗೆ ಹೋಗಿಬರುವುದು ಬಹುಕಾಲದಿಂದ ನಡೆದುಬಂದ ರೂಢಿಯಾಗಿದೆ. ಹಿಂದೆ ಎತ್ತಿನ ಗಾಡಿ, ಅನಂತರ ರೈಲು, ಈಗ ಮೋಟಾರು. ವಾಹನ ಬದಲಾಯಿತೇ ಹೊರತು ದಿನದ ಕ್ರಮ ಹೆಚ್ಚು ಬದಲಾದಂತಿಲ್ಲ. ಬೆಳಗ್ಗೆ ಪಶ್ಚಿಮವಾಹಿನಿಯಲ್ಲಿ ಸ್ನಾನ, ಬಳಿಕ ರಂಗನಾಥಸ್ವಾಮಿಯ ದರ್ಶನ, ಹೊಳೆಯ ದಂಡೆಯಲ್ಲಿ ಮರದ ನೆರಳು ನೋಡಿ ಬುತ್ತಿ ಬಿಚ್ಚುವುದು, ಹೊತ್ತು ಇಳಿದ ಮೇಲೆ ದರಿಯಾ ದೌಲತ್ ಮತ್ತು ಗುಂಬಜ್, ಸಂಜೆಗೆ ಗಂಜಾಮಿನ ನಿಮಿಷಾಂಬೆ, ಕೊನೆಗೆ ಸಂಗಮ. ಹಿರಿಯರಿಗೆ ತೀರ್ಥ, ಮಕ್ಕಳಿಗೆ ಫಿರಂಗಿ ಮತ್ತು ಸೆರೆಮನೆ, ನಡುವಯಸ್ಸಿನವರಿಗೆ ತೋಪಿನ ನೆರಳು. ಹೀಗೆ ಎಲ್ಲರಿಗೂ ಒಂದಿಷ್ಟು ದೊರೆಯುವ ಊರುಗಳು ನಾಡಿನಲ್ಲಿ ಹೆಚ್ಚಿಲ್ಲ.

ಆದರೆ ಇಂತಹ ದಿನವನ್ನು ಮುಗಿಸಿಕೊಂಡು ಮರಳುವವರ ಮನಸ್ಸಿನಲ್ಲಿ ಉಳಿಯುವ ಚಿತ್ರವೇನು? ಒಬ್ಬ ಸುಲ್ತಾನನಿದ್ದನು, ಅವನಿಗೆ ಒಂದು ಊರಿತ್ತು, ಯಾರೋ ದ್ರೋಹ ಬಗೆದರು, ಒಂದು ಮಧ್ಯಾಹ್ನದಲ್ಲಿ ಅವನೂ ಮಡಿದನು, ಊರೂ ಹಾಳಾಯಿತು. ಕಥೆಯಾಗಿ ಇದು ಸೊಗಸಾಗಿದೆ. ಚರಿತ್ರೆಯಾಗಿ ಅರ್ಧ ಮಾತ್ರ ನಿಜ. ಶ್ರೀರಂಗಪಟ್ಟಣವು ಟೀಪುವಿಗೆ ಮೂರು ಶತಮಾನಗಳಿಗೂ ಮೊದಲೇ ಕೋಟೆಯಾಗಿ ನಿಂತ ಊರು. ಅದು ಬರಿದಾದುದು 1799ನೆಯ ಇಸವಿಯ ಒಂದು ಮಧ್ಯಾಹ್ನದಲ್ಲಿ ಅಲ್ಲ, ಅದರ ಮುಂದಿನ ನೂರು ವರ್ಷಗಳಲ್ಲಿ. ಮತ್ತು ಈ ಎರಡೂ ಕಥೆಗಳಲ್ಲಿ ಮುಖ್ಯ ಪಾತ್ರ ವಹಿಸಿದುದು ಯಾವ ಮನುಷ್ಯನಿಗಿಂತಲೂ ಮಿಗಿಲಾಗಿ ಕಾವೇರಿಯೇ.

ಈ ದ್ವೀಪವು ಉದ್ದದಲ್ಲಿ ಸುಮಾರು ಮೂರು ಮೈಲಿ, ಅಗಲದಲ್ಲಿ ಸುಮಾರು ಒಂದು ಮೈಲಿ. ಪಶ್ಚಿಮದಲ್ಲಿ ಹೊಳೆ ಎರಡಾಗಿ ಒಡೆದು ಪೂರ್ವದಲ್ಲಿ ಮತ್ತೆ ಕೂಡುತ್ತದೆ. ಒಡೆಯುವೆಡೆಯಲ್ಲಿ ಕೋಟೆ, ಕೂಡುವೆಡೆಯಲ್ಲಿ ತೋಟ ಮತ್ತು ಸಮಾಧಿ. ಇಲ್ಲಿಗೆ ಬರುವ ನೀರಿನಲ್ಲಿ ಕೊಡಗಿನ ಮಳೆ ಮಾತ್ರವಲ್ಲ, ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಬಳಿ ಹರಿದುಬರುವ ಹೇಮಾವತಿಯೂ ಸೇರಿದೆ. ಪಾಂಡವಪುರದ ಕಡೆಯಿಂದ ಇಳಿಯುವ ಲೋಕಪಾವನಿ ಕರಿಘಟ್ಟದ ಬುಡದಲ್ಲಿ ಬಂದು ಕೂಡುತ್ತದೆ. ಸುತ್ತಲ ತಾಲ್ಲೂಕುಗಳ ಜನ ಇಲ್ಲಿಗೆ ಬರುವುದಕ್ಕಿಂತ ಮೊದಲೇ ಅವರ ಊರುಗಳ ನೀರು ಬಂದಿರುತ್ತದೆ.

ರಂಗನಾಥನ ಗುಡಿಯನ್ನು ಗಂಗರ ಕಾಲದಲ್ಲಿ, 894ರಲ್ಲಿ, ತಿರುಮಲಯ್ಯನೆಂಬವನು ಕಟ್ಟಿಸಿದನೆಂಬುದು ಪರಂಪರೆಯ ಮಾತು. ಶಿವನಸಮುದ್ರದ ಮಧ್ಯರಂಗನಿಗೂ ತಮಿಳುನಾಡಿನ ಶ್ರೀರಂಗದ ಅಂತ್ಯರಂಗನಿಗೂ ಹಿರಿಯನಾದ ಆದಿರಂಗನು ಇವನು. ಹೊಯ್ಸಳ ವಿಷ್ಣುವರ್ಧನನು ರಾಮಾನುಜಾಚಾರ್ಯರಿಗೆ ಈ ಸುತ್ತಿನ ಎಂಟು ಹಳ್ಳಿಗಳನ್ನು ದಾನವಾಗಿ ಕೊಟ್ಟನೆಂದೂ, ಅವುಗಳ ಆಡಳಿತಕ್ಕೆ ಪ್ರಭುಗಳೆಂಬ, ಹೆಬ್ಬಾರರೆಂಬ ಅಧಿಕಾರಿಗಳು ನೇಮಕವಾದರೆಂದೂ ಹೇಳಿಕೆಯುಂಟು. ಅಷ್ಟಗ್ರಾಮವೆಂಬ ಹೆಸರು ಬ್ರಿಟಿಷರ ಕಾಲದ ಕಂದಾಯದ ಕಡತಗಳವರೆಗೂ ಬಾಳಿತು. ಆ ಹೆಬ್ಬಾರರ ವಂಶದವನಾದ ನಾಗಮಂಗಲದ ತಿಮ್ಮಣ್ಣನು 1454ರಲ್ಲಿ ವಿಜಯನಗರಕ್ಕೆ ಹೋಗಿ ದಣ್ಣಾಯಕನೆಂಬ ಪದವಿಯನ್ನೂ ದ್ವೀಪದಲ್ಲಿ ಕೋಟೆ ಕಟ್ಟಲು ಅಪ್ಪಣೆಯನ್ನೂ ಪಡೆದುಬಂದನು. ಅವನಿಗೆ ನಿಧಿಯೊಂದು ದೊರೆತು ಅದರಿಂದ ಕೋಟೆ ಎದ್ದಿತೆಂದೂ, ಕಳಸವಾಡಿಯಲ್ಲಿದ್ದ ನೂರೊಂದು ಜೈನ ಬಸದಿಗಳನ್ನು ಕೆಡವಿಸಿ ಅವುಗಳ ಕಲ್ಲುಗಳಿಂದ ರಂಗನಾಥನ ಗುಡಿಯನ್ನು ಹಿಗ್ಗಿಸಿದನೆಂದೂ ಐತಿಹ್ಯ. ನೂರೊಂದು ಎಂಬುದು ಲೆಕ್ಕವೋ ಹಾಗೆ ಹೇಳುವ ವಾಡಿಕೆಯೋ, ಅದು ಬೇರೆ. ಈ ಊರಿನ ಕಲ್ಲುಗಳು ಒಂದೆಡೆಯಿಂದ ಎದ್ದು ಇನ್ನೊಂದೆಡೆ ಕೂರುವ ಅಭ್ಯಾಸ ಅಷ್ಟು ಹಳೆಯದು. ನಾಗಮಂಗಲದಿಂದ ಬಂದ ಮನೆಯವರು ಗುಡಿಯ ಪ್ರಾಕಾರವನ್ನು ಸುತ್ತುವಾಗ ತಮ್ಮ ಊರಿನವನ ಕೆಲಸವನ್ನು ನೋಡುತ್ತಿದ್ದೇವೆಂದು ತಿಳಿದರೆ ಹೆಜ್ಜೆ ಸ್ವಲ್ಪ ನಿಧಾನವಾದೀತು.

ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯನಿಂದ ರಾಜ ಒಡೆಯರು 1610ರಲ್ಲಿ ಪಟ್ಟಣವನ್ನು ಪಡೆದರು. ಅದೇ ವರ್ಷ ಇಲ್ಲಿ ನವರಾತ್ರಿಯ ಮಹೋತ್ಸವವು ಮೊದಲಾಯಿತು. ಇಂದು ಮೈಸೂರಿನ ಹೆಸರಿನೊಡನೆ ಬೆಸೆದುಹೋಗಿರುವ ದಸರೆಯು ಹುಟ್ಟಿದ್ದು ಈ ದ್ವೀಪದಲ್ಲಿ. ತಿರುಮಲರಾಯನ ರಾಣಿ ಅಲಮೇಲಮ್ಮನು ಶಾಪವಿತ್ತು ಮಾಲಂಗಿಯ ಮಡುವಿನಲ್ಲಿ ಧುಮುಕಿದ ಕಥೆಯನ್ನು ಎಲ್ಲ ಮನೆಗಳ ಅಜ್ಜಿಯರೂ ಬಲ್ಲರು. ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ಕಂಠೀರವ ನರಸರಾಜ ಒಡೆಯರು ಬಿಜಾಪುರದ ರಣದುಲ್ಲಾಖಾನನನ್ನು ಇದೇ ಕೋಟೆಯ ಮುಂದೆ ಹಿಮ್ಮೆಟ್ಟಿಸಿದರು. ಹೀಗೆ 1799ರವರೆಗೆ ಸುಮಾರು ನೂರತೊಂಬತ್ತು ವರ್ಷ ಇದು ಮೈಸೂರು ರಾಜ್ಯದ ರಾಜಧಾನಿ. ಇದರಲ್ಲಿ ಹೈದರಾಲಿ ಮತ್ತು ಟೀಪು ಇಬ್ಬರ ಆಳ್ವಿಕೆಯೂ ಸೇರಿ ನಾಲ್ವತ್ತು ವರ್ಷ ತುಂಬುವುದಿಲ್ಲ. ಆದರೂ ನೋಡುವವರ ಕಣ್ಣಿಗೆ ಬೀಳುವುದೆಲ್ಲ ಈ ಕೊನೆಯ ನಾಲ್ವತ್ತೇ.

ಅದಕ್ಕೆ ಕಾರಣವಿಲ್ಲದಿಲ್ಲ. ಹೈದರನು 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿ ತೀರಿಕೊಂಡನು. ಟೀಪುವು ತಂದೆಗಾಗಿ ಕಟ್ಟಿಸಿದ ಗುಂಬಜ್ ಕೆಲವೇ ವರ್ಷಗಳಲ್ಲಿ ಮುಗಿಯಿತು. 1784ರಲ್ಲಿ ದರಿಯಾ ದೌಲತ್ ಎದ್ದಿತು, 1787ರಲ್ಲಿ ಎರಡು ಎತ್ತರದ ಮಿನಾರುಗಳ ಮಸೀದಿ. ದರಿಯಾ ದೌಲತ್ತಿನ ಪಶ್ಚಿಮದ ಗೋಡೆಯನ್ನು ತುಂಬಿರುವ ಚಿತ್ರವು 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕುಂಪಣಿಯ ಕರ್ನಲ್ ಬೈಲಿಯ ಸೈನ್ಯವು ಪುಡಿಯಾದುದನ್ನು ತೋರಿಸುತ್ತದೆ. ಆನೆ, ಕುದುರೆ, ಪಲ್ಲಕ್ಕಿ, ಸಿಡಿದ ಮದ್ದಿನ ಗಾಡಿಗಳನ್ನು ಮಕ್ಕಳು ಎಣಿಸುತ್ತ ನಿಂತರೆ ಕರೆದುಕೊಂಡು ಬರುವುದು ಕಷ್ಟ, ಕರೆಯದಿರುವುದೇ ಲೇಸು. ಅಂದು ಸೆರೆ ಸಿಕ್ಕವರಲ್ಲಿ ಬೈರ್ಡ್ ಎಂಬ ಎತ್ತರದ ಸ್ಕಾಟ್ ಅಧಿಕಾರಿಯೊಬ್ಬನಿದ್ದನು. ಅವನು ಈ ಪಟ್ಟಣದಲ್ಲಿ ಮೂರೂವರೆ ವರ್ಷಕ್ಕೂ ಮಿಕ್ಕು ಸೆರೆಯಲ್ಲಿದ್ದು 1784ರ ಮಂಗಳೂರಿನ ಒಪ್ಪಂದದ ತರುವಾಯ ಬಿಡುಗಡೆ ಹೊಂದಿದನು. ಅವನ ಹೆಸರು ಮುಂದೆ ಮತ್ತೆ ಬರುವುದು.

ಸುತ್ತಣ ಊರುಗಳೂ ಆ ಕಾಲದಲ್ಲಿ ಪಟ್ಟಣದ ಹೊರಗೋಡೆಗಳಂತೆ ಇದ್ದವು. ಪಾಂಡವಪುರಕ್ಕೆ ಹಿಂದಿನ ಹೆಸರು ಹಿರೋಡೆ. ಹೈದರ್ ಟೀಪುಗಳ ಸೇವೆಯಲ್ಲಿದ್ದ ಫ್ರೆಂಚರ ದಂಡು ಅಲ್ಲಿನ ಬಂಡೆಗಳ ಬಳಿ ಬೀಡುಬಿಟ್ಟುದರಿಂದ ಇಂಗ್ಲಿಷರು ಅದನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ಆ ಹೆಸರು ಇಪ್ಪತ್ತನೆಯ ಶತಮಾನದವರೆಗೂ ರೈಲ್ವೆ ನಿಲ್ದಾಣದ ಮೇಲಿತ್ತು. ಅದೇ ತಾಲ್ಲೂಕಿನ ಚಿನಕುರಳಿಯಲ್ಲಿ 1771ರ ಮಾರ್ಚಿಯಲ್ಲಿ ಮರಾಠರ ತ್ರ್ಯಂಬಕರಾಯನು ಹೈದರನ ಸೈನ್ಯವನ್ನು ದಿಕ್ಕುಪಾಲು ಮಾಡಿದನು. ಸೋತವರು ಓಡಿಬಂದು ದ್ವೀಪವನ್ನು ಹೊಕ್ಕರು. ಗೆದ್ದ ಮರಾಠರು ಹೊಳೆಯ ದಂಡೆಯವರೆಗೆ ಬಂದು ಪಟ್ಟಣವನ್ನು ಮುತ್ತಿದರು, ಹಿಡಿಯಲಾರದೆ ಹೋದರು. ಬಯಲಿನಲ್ಲಿ ಸೋತವನನ್ನು ಹೊಳೆ ಕಾಪಾಡಿತು.

ಇದೇ ಹೊಳೆ ಇಪ್ಪತ್ತು ವರ್ಷಗಳ ಮೇಲೆ ಟೀಪುವನ್ನೂ ಒಮ್ಮೆ ಕಾಪಾಡಿತು. 1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಅರಕೆರೆಯ ಬಳಿಗೆ ಬಂದು, ಕಾಳಗವೊಂದನ್ನು ಗೆದ್ದು, ಕಾವೇರಿಯನ್ನು ದಾಟುವ ಎಡೆಯನ್ನು ಹುಡುಕುತ್ತ ಕಣ್ಣಂಬಾಡಿಯವರೆಗೂ ಹೋದನು. ಅಷ್ಟರಲ್ಲಿ ಮಳೆ ಹಿಡಿಯಿತು, ಎತ್ತುಗಳು ಸತ್ತವು, ಸೈನಿಕರಿಗೆ ಅಕ್ಕಿಯಿಲ್ಲದಂತಾಯಿತು. ಕೋಟೆ ಒಡೆಯಲೆಂದು ಅಷ್ಟು ದೂರದಿಂದ ಎಳೆದುತಂದಿದ್ದ ದೊಡ್ಡ ಫಿರಂಗಿಗಳನ್ನು ತನ್ನ ಕೈಯಿಂದಲೇ ಹಾಳುಮಾಡಿ ಅವನು ಹಿಂದಿರುಗಬೇಕಾಯಿತು. ಮರಾಠರ ನೆರವಿನ ಸೈನ್ಯವು ಬಂದು ಕೂಡಿದ್ದು ಹಿಂದೆಗೆತವು ಮೊದಲಾದ ಮೇಲೆ. ಇದರಿಂದ ಅವನು ಕಲಿತ ಪಾಠ ಒಂದೇ, ಹೊಳೆ ಇಳಿದಿರುವಾಗ ಬರಬೇಕು. ಮರುವರ್ಷ ಫೆಬ್ರವರಿ 6ರ ರಾತ್ರಿ ಅವನು ದ್ವೀಪದ ಪೂರ್ವಭಾಗವನ್ನು ಹಿಡಿದನು. ಸುಲ್ತಾನನ ಲಾಲ್‌ಬಾಗಿನ ಮರಗಳು ಮುತ್ತಿಗೆಯ ಕೆಲಸಕ್ಕೆಂದು ಉರುಳಿದವು. ಕೋಟೆಯ ಮೇಲಿನಿಂದ ಟೀಪುವಿಗೆ ಅದು ಕಾಣುತ್ತಿದ್ದಿರಬೇಕು. ಸಂಧಿಯ ಬೆಲೆ ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಮಕ್ಕಳು. ಹಿರಿಯವನಿಗೆ ಹತ್ತು ವರ್ಷ, ಕಿರಿಯವನಿಗೆ ಎಂಟು. ಅವರು ತಂದೆಯ ಬಳಿಗೆ ಮರಳಿದ್ದು 1794ರಲ್ಲಿ. ಪಟ್ಟಣ ನೋಡಲು ಬಂದ ಮಕ್ಕಳಿಗೆ ಫಿರಂಗಿಯ ಗಾತ್ರಕ್ಕಿಂತ ಈ ಸಂಗತಿ ಬೇಗ ಅರ್ಥವಾಗುತ್ತದೆ.

ಮಕ್ಕಳು ಮರಳಿದ ಅದೇ 1794ರ ತಾರೀಖಿನ ಒಂದು ಪಾರಸಿ ಶಾಸನವು ಕನ್ನಂಬಾಡಿಯ ಅಣೆಕಟ್ಟಿನ ಕೆಲಸದ ವೇಳೆಗೆ ದೊರೆತು ಈಗ ಕೃಷ್ಣರಾಜಸಾಗರದಲ್ಲಿ ನಿಂತಿದೆ. ರಾಜಧಾನಿಯ ಪಶ್ಚಿಮಕ್ಕೆ ಕಾವೇರಿಗೆ ಅಡ್ಡಲಾಗಿ ಕಟ್ಟೆಯನ್ನು ತೊಡಗಿದ ಮಾತು ಅದರಲ್ಲಿದೆ. ಅರ್ಧ ರಾಜ್ಯವನ್ನು ಕಳೆದುಕೊಂಡು ಮಕ್ಕಳನ್ನು ಒತ್ತೆಯಿಟ್ಟಿದ್ದ ಕಾಲದಲ್ಲಿ ಅರಸನೊಬ್ಬನು ಹೊಳೆಗೆ ಕಟ್ಟೆ ಕಟ್ಟುವ ಆಲೋಚನೆ ಮಾಡಿದನೆಂಬುದು ಅವನ ಸ್ವಭಾವವನ್ನು ತಿಳಿಸುವ ಸಾಕ್ಷ್ಯಗಳಲ್ಲಿ ಒಂದು. ಅವನನ್ನು ಹೊಗಳುವವರೂ ತೆಗಳುವವರೂ ಇದನ್ನು ಓದಬಹುದು.

ಇನ್ನು 1799. ಜನರಲ್ ಹ್ಯಾರಿಸನ ಸೈನ್ಯವೂ ನಿಜಾಮನ ಸೈನ್ಯವೂ ಏಪ್ರಿಲ್ 5ರಂದು ಪಟ್ಟಣದ ಎದುರಿಗೆ ಬಂದು ಇಳಿದವು. ಆ ತಿಂಗಳೆಲ್ಲ ನಡೆದದ್ದು ಎರಡು ಸೈನ್ಯಗಳ ನಡುವಣ ಯುದ್ಧ ಎನ್ನುವುದಕ್ಕಿಂತ ಪಂಚಾಂಗದೊಡನೆ ನಡೆದ ಪಂದ್ಯ ಎನ್ನಬಹುದು. ಹ್ಯಾರಿಸನ ಬಳಿ ಅಕ್ಕಿ ಕಡಿಮೆಯಾಗುತ್ತಿತ್ತು. ಟೀಪುವಿಗೆ ಮಳೆ ಬರಬೇಕಾಗಿತ್ತು. ಕೊಡಗಿನಲ್ಲಿ ಮುಂಗಾರು ಹಿಡಿದು ಹೊಳೆಯೇರಿದರೆ 1791ರ ಕಥೆಯೇ ಮತ್ತೊಮ್ಮೆ. ಆಕ್ರಮಣಕ್ಕೆ ಆಯ್ದ ಸ್ಥಳವು ಕೋಟೆಯ ವಾಯವ್ಯ ಮೂಲೆ. ಮೇ 3ರ ಹೊತ್ತಿಗೆ ಗೋಡೆಯಲ್ಲಿ ಕಂಡಿ ಬಿದ್ದಿತು. ಮೇ 4ರ ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿದ್ದು ಕಾವಲಿನವರು ದಣಿವಾರಿಸಿಕೊಳ್ಳುವ ವೇಳೆಯನ್ನು ನೋಡಿ, ಸುಮಾರು 4,400 ಮಂದಿ ಅಗಳಿನಿಂದೆದ್ದು ಹೊಳೆಗೆ ಇಳಿದರು. ಅವರ ಮುಂದೆ ಖಡ್ಗ ಹಿರಿದು ನಡೆದವನು ಅದೇ ಬೈರ್ಡ್. ಸೆರೆಮನೆಯ ಊರಿಗೆ ಹದಿನೈದು ವರ್ಷಗಳ ಮೇಲೆ ಮರಳಿ ಬಂದಿದ್ದನು. ಹೊಳೆಯ ಅಗಲ ಅಲ್ಲಿ 280 ಗಜದಷ್ಟು. ತಳವೆಲ್ಲ ಬಂಡೆ, ನೀರು ಕೆಲವೆಡೆ ಪಾದ ಮುಳುಗುವಷ್ಟು, ಕೆಲವೆಡೆ ಸೊಂಟದವರೆಗೆ. ಆರೇಳು ನಿಮಿಷಗಳಲ್ಲಿ ಅವರ ಬಾವುಟವು ಕಂಡಿಯ ಮೇಲೆ ಕಂಡಿತು. ಉತ್ತರದ ಗೋಡೆಯ ಬಾಗಿಲೊಂದರ ಇಕ್ಕಟ್ಟಿನಲ್ಲಿ ಕಾದಾಡುತ್ತ ಟೀಪು ಮಡಿದನು. ರಾತ್ರಿ ಹೆಣಗಳ ರಾಶಿಯಲ್ಲಿ ಅವನ ದೇಹವನ್ನು ದೀಪ ಹಿಡಿದು ಗುರುತಿಸಿದರು.

ಮೀರ್ ಸಾದಕನ ದ್ರೋಹದ ಕಥೆ ಊರಿನಲ್ಲಿ ಇಂದಿಗೂ ಜೀವಂತವಾಗಿದೆ, ಕೇಳಲು ರುಚಿಕರವಾಗಿಯೂ ಇದೆ. ಆದರೆ ಆ ಮಧ್ಯಾಹ್ನ ಹೊಳೆಯಲ್ಲಿ ಆಳುದ್ದ ನೀರಿದ್ದಿದ್ದರೆ ಯಾವ ದ್ರೋಹಿಯಿಂದಲೂ ಪ್ರಯೋಜನವಾಗುತ್ತಿರಲಿಲ್ಲ. ಮರುದಿನ ಸಂಜೆ ಟೀಪುವನ್ನು ಗುಂಬಜಿನಲ್ಲಿ ತಂದೆತಾಯಿಗಳ ಪಕ್ಕದಲ್ಲಿ ಮಣ್ಣು ಮಾಡುವ ವೇಳೆಗೆ ಗುಡುಗು ಸಿಡಿಲುಗಳ ದೊಡ್ಡ ಮಳೆ ಬಂದಿತು. ಒಂದು ದಿನ ತಡವಾಗಿ ಮೊದಲ ಮಳೆ. ಕಥೆಗಾರನು ಕಲ್ಪಿಸಿದ್ದರೆ ಯಾರೂ ನಂಬುತ್ತಿರಲಿಲ್ಲ.

ಆ ರಾತ್ರಿಯೆಲ್ಲ ಸೂರೆ ನಡೆಯಿತು. ಪಟ್ಟಣದ ಅಧಿಕಾರವನ್ನು ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯು ನಾಲ್ವರನ್ನು ಗಲ್ಲಿಗೇರಿಸಿದ ಮೇಲೆ ಸುಲಿಗೆ ನಿಂತಿತು. ಸುಲ್ತಾನನ ಹುಲಿಯ ಸಿಂಹಾಸನವನ್ನು ಹಂಚಿಕೊಳ್ಳುವುದಕ್ಕಾಗಿ ಒಡೆದರು. ಅದರ ಹುಲಿಯ ತಲೆಯು ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿದೆ, ಆಂಗ್ಲ ಸಿಪಾಯಿಯ ಮೇಲೆ ಎರಗಿರುವ ಮರದ ಹುಲಿಯು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಇವೆಲ್ಲ ಬಹುವಾಗಿ ಬರೆಯಲ್ಪಟ್ಟ ಸಂಗತಿಗಳು. ಊರಿನ ಜನ ಏನಾದರೆಂಬುದನ್ನು ಬರೆದವರು ಕಡಿಮೆ.

ಐದು ವರ್ಷದ ಬಾಲಕ ಕೃಷ್ಣರಾಜ ಒಡೆಯರಿಗೆ 1799ರ ಜೂನ್ 30ರಂದು ಪಟ್ಟವಾದುದು ಶ್ರೀರಂಗಪಟ್ಟಣದಲ್ಲಿ ಅಲ್ಲ, ಮೈಸೂರಿನಲ್ಲಿ. ದ್ವೀಪವನ್ನು ಕುಂಪಣಿಯವರು ತಮ್ಮ ಸ್ವಂತ ನೆಲವಾಗಿ ಇಟ್ಟುಕೊಂಡರು. ಟೀಪುವು ಮೈಸೂರಿನ ಹಳೆಯ ಕೋಟೆಯನ್ನು ಕೆಡವಿ ಅದರ ಕಲ್ಲುಗಳಿಂದ ಪಕ್ಕದ ನಜರಬಾದಿನಲ್ಲಿ ಕೋಟೆ ಕಟ್ಟಿಸತೊಡಗಿದ್ದನು. ಆ ಕಲ್ಲುಗಳು ಈಗ ಮೈಸೂರಿಗೆ ಹಿಂದಿರುಗಿದವು. ಅರಸರು ಹೋದೆಡೆಗೆ ಕಚೇರಿ, ಕಚೇರಿ ಹೋದೆಡೆಗೆ ವರ್ತಕ, ವರ್ತಕ ಹೋದೆಡೆಗೆ ಕಮ್ಮಾರ ಬಡಗಿ ಚಿಪ್ಪಿಗ. 1800ರಲ್ಲಿ ಇಲ್ಲಿಗೆ ಬಂದ ಬುಕಾನನನು ಟೀಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು ಅಂದಾಜು ಮಾಡಿದನು. ಅವನು ಕಂಡಾಗ ಇದ್ದವರು ಸುಮಾರು 32,000. ಉಳಿದ ದಂಡನ್ನೂ ಚಳಿಜ್ವರವು ಓಡಿಸಿತು. 1809ರಿಂದ ಮುಂದೆ ಅದು ಬೆಂಗಳೂರಿಗೆ ಹೊರಟಿತು. ಇಂದಿನ ಬೆಂಗಳೂರಿನ ದಂಡು ಪ್ರದೇಶದ ಹುಟ್ಟಿಗೆ ಶ್ರೀರಂಗಪಟ್ಟಣದ ಸೊಳ್ಳೆಗಳು ಕಾರಣವೆಂದರೆ ತಮಾಷೆಯಂತೆ ಕೇಳಿಸಬಹುದು. ಆದರೂ ಅದು ಹುಸಿಯಲ್ಲ. 1901ರ ಜನಗಣತಿಯ ಹೊತ್ತಿಗೆ ಪಟ್ಟಣದಲ್ಲಿದ್ದವರು ಎಂಟೂವರೆ ಸಾವಿರ ಮಾತ್ರ. ಸಿರಾದಿಂದ ಹನ್ನೆರಡು ಸಾವಿರ ಸಂಸಾರಗಳನ್ನು ಬಲಾತ್ಕಾರವಾಗಿ ತಂದು ನೆಲೆಗೊಳಿಸಿದರೆಂದು ಹೇಳುವ ಗಂಜಾಮ್ ಒಂದು ಹಳ್ಳಿಯಾಗಿ ಉಳಿಯಿತು. ಒಮ್ಮೆ ಅರಸನ ಅಪ್ಪಣೆಯಿಂದ ಎದ್ದು ಬಂದವರ ಮಕ್ಕಳು ಮೊಮ್ಮಕ್ಕಳು ಇನ್ನೊಮ್ಮೆ ಹೊಟ್ಟೆಯ ಅಪ್ಪಣೆಯಿಂದ ಎದ್ದು ಹೋದರು.

ಮನುಷ್ಯರು ಹೋದ ಮೇಲೆ ಮನೆಗಳೂ ಹೋದವು. ರಂಗನಾಥನ ಗುಡಿಯ ಸಮೀಪದಲ್ಲಿದ್ದ ಲಾಲ್ ಮಹಲ್ ಅರಮನೆಯು ಕೆಲಕಾಲ ಗಂಧದ ಮರದ ಉಗ್ರಾಣವಾಗಿ ಬಳಿಕ ನೆಲಸಮವಾಯಿತು. ಅದರ ತೊಲೆಗಳು ನೀಲಗಿರಿಯನ್ನೇರಿ ಉದಕಮಂಡಲದ ಸಂತ ಸ್ಟೀಫನ್ನನ ಇಗರ್ಜಿಯ ಮಾಡನ್ನು ಹೊತ್ತಿವೆ. ಆ ಇಗರ್ಜಿ 1831ರ ಹೊತ್ತಿಗೆ ಮುಗಿಯಿತು. ದರಿಯಾ ದೌಲತ್ ಉಳಿದುದಕ್ಕೆ ವೆಲ್ಲೆಸ್ಲಿಯು ಅಲ್ಲಿ ವಾಸ ಮಾಡಿದುದೇ ಒಂದು ಕಾರಣವಿರಬೇಕು. ಅದರ ಗೋಡೆಯ ಚಿತ್ರಗಳು ಮಾಸಿಹೋಗಿದ್ದುವು. ಗವರ್ನರ್ ಜನರಲ್ ಡಾಲ್‌ಹೌಸಿಯ ಅಪ್ಪಣೆಯಂತೆ, ಅವನ್ನು ಹಿಂದೆ ಕಂಡು ನೆನಪಿನಲ್ಲಿಟ್ಟುಕೊಂಡಿದ್ದ ಇಲ್ಲಿಯವನೇ ಆದ ಚಿತ್ರಗಾರನೊಬ್ಬನು ಮತ್ತೆ ಬರೆದನು. ಎಂದರೆ ಇಂದು ಕಾಣುವ ಪೊಲ್ಲಿಲೂರು ಒಬ್ಬ ಮುದುಕನ ನೆನಪು. ಆ ಚಿತ್ರಗಾರನ ಹೆಸರು ಗೋಡೆಯ ಮೇಲಿಲ್ಲ.

ಗೆದ್ದವರ ಗುರುತುಗಳಿಗೂ ಇಲ್ಲಿ ಕೊರತೆಯಿಲ್ಲ. ಬ್ರಿಟಿಷರ ದಂಡಿನ ಸಮಾಧಿಭೂಮಿಯಲ್ಲಿ ಮುನ್ನೂರರಷ್ಟು ಗೋರಿಗಳಿವೆ; ಅವುಗಳಲ್ಲಿ ಹಲವು ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿ ಡೆ ಮ್ಯೂರಾನ್ ರೆಜಿಮೆಂಟಿನೊಡನೆ ಇಷ್ಟು ದೂರ ಬಂದವರವು. ಯಾತ್ರಿಕರು ಇತ್ತ ಬರುವುದು ವಿರಳ. ತಾಯಿ ಮಗು ಒಂದೇ ಕಲ್ಲಿನ ಕೆಳಗಿರುವ ಗೋರಿಗಳನ್ನು ನೋಡಿದರೆ ಆ ಚಳಿಜ್ವರಕ್ಕೆ ಗೆದ್ದವರು ಸೋತವರೆಂಬ ಭೇದವಿರಲಿಲ್ಲವೆಂದು ತಿಳಿಯುತ್ತದೆ. ಕಂಡಿ ಬಿದ್ದ ಮೂಲೆಯಲ್ಲಿ 1907ರಲ್ಲಿ ಮೈಸೂರು ಸರ್ಕಾರದವರು ನಿಲ್ಲಿಸಿದ ಕಲ್ಲಿನ ಸ್ತಂಭವಿದೆ. ಮುತ್ತಿಗೆಯಲ್ಲಿ ಬಿದ್ದ ಇಂಗ್ಲಿಷರ ಕಡೆಯವರನ್ನು ಅದು ಸ್ಮರಿಸುತ್ತದೆ. ಕೋಟೆಯ ಒಳಗೆ ಬಿದ್ದ ಸಾವಿರಾರು ಮಂದಿಯಲ್ಲಿ ಟೀಪುವೊಬ್ಬನ ದೇಹ ದೊರೆತೆಡೆಯನ್ನು ಕಲ್ಲೊಂದು ತೋರಿಸುತ್ತದೆ. ಉಳಿದವರು ಮೈಸೂರಿನವರೇ ಆಗಿದ್ದರು, ಅವರಲ್ಲಿ ಈ ತಾಲ್ಲೂಕುಗಳ ಬೇಡರು, ಒಕ್ಕಲಿಗರು, ಮುಸಲ್ಮಾನರು ಇಲ್ಲದಿರಲಾರರು.

ಇಲ್ಲಿಗೆ ಬರುವ ಮನೆಗಳೆಲ್ಲ ಒಂದೇ ನೆನಪನ್ನು ಹೊತ್ತು ಬರುವುದಿಲ್ಲವೆಂಬುದನ್ನೂ ಹೇಳಬೇಕು. ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಮನೆತನಗಳಲ್ಲಿ ನರಕಚತುರ್ದಶಿಯ ಹಬ್ಬವನ್ನು ಆಚರಿಸುವುದಿಲ್ಲ. ಆ ದಿನ ತಮ್ಮ ಹಿರಿಯರು ಟೀಪುವಿನಿಂದ ಹತರಾದರೆಂಬುದು ಅವರಲ್ಲಿ ತಲೆಮಾರಿನಿಂದ ಬಂದ ಮಾತು. ಗಂಜಾಮಿನ ಮುಸಲ್ಮಾನರ ಮನೆಗೆ ಅದೇ ಟೀಪು ಹುತಾತ್ಮ. ಗುಂಬಜಿನಲ್ಲಿ ವರ್ಷಕ್ಕೊಮ್ಮೆ ಉರುಸು ನಡೆಯುತ್ತದೆ. ರಂಗನಾಥನ ಗುಡಿಯವರು ಸುಲ್ತಾನನು ಕೊಟ್ಟ ಬೆಳ್ಳಿಯ ಪಾತ್ರೆಗಳ ಮಾತನ್ನು ಹೇಳುತ್ತಾರೆ. ಗುಡಿಯೂ ಮಸೀದಿಯೂ ಹಾಳು ಅರಮನೆಯೂ ಒಂದೇ ಕೋಟೆಯೊಳಗೆ ಇರುವಂತೆ ಈ ನೆನಪುಗಳೂ ಒಂದೇ ಊರಿನಲ್ಲಿವೆ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚುವ ದಾರಿತೋರುವವನಿಗಿಂತ ಸುಮ್ಮನಿರುವವನು ಮೇಲು.

ಕುಂಪಣಿಯ ನೆಲವಾಗಿದ್ದ ದ್ವೀಪವು 1881ರಲ್ಲಿ ರಾಜ್ಯವನ್ನು ಒಡೆಯರ ವಂಶಕ್ಕೆ ಹಿಂದಕ್ಕೆ ಕೊಟ್ಟಾಗ ಮೈಸೂರಿಗೆ ಸೇರಿತು. ಅದಕ್ಕೆ ಬದಲಾಗಿ ಬೆಂಗಳೂರಿನ ದಂಡು ಪ್ರದೇಶವು ಬ್ರಿಟಿಷರ ಕೈಗೆ ಹೋಯಿತು. ಅದರ ಹಿಂದೆಯೇ ರೈಲು ಬಂದಿತು. ಮೈಸೂರಿನ ದಾರಿಯು ಕೋಟೆಯನ್ನು ಸೀಳಿಕೊಂಡೇ ಹೋಯಿತು. ಆ ದಾರಿಯನ್ನು ಜೋಡಿ ಮಾಡುವಾಗ ಟೀಪುವಿನ ಕಾಲದ ಮದ್ದಿನ ಮನೆಯೊಂದು ಅಡ್ಡವಾಯಿತು. ಕೆಡವುವ ಬದಲು, 2017ರ ಮಾರ್ಚಿಯಲ್ಲಿ, ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಬುಡಸಹಿತ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ನಿಲ್ಲಿಸಿದರು. ಬಸದಿಯ ಕಲ್ಲು ಗುಡಿಗೆ, ಮೈಸೂರಿನ ಕಲ್ಲು ನಜರಬಾದಿಗೆ, ಅರಮನೆಯ ತೊಲೆ ಇಗರ್ಜಿಗೆ ಹೋದ ಊರಿನಲ್ಲಿ ಒಂದು ಕಟ್ಟಡವು ಒಡೆಯದೆಯೇ ಸ್ಥಳ ಬದಲಾಯಿಸಿದುದು ಇದೇ ಮೊದಲಿರಬೇಕು.

ಒಂದೇ ಹಗಲಿನಲ್ಲಿ ಎಲ್ಲವನ್ನೂ ನೋಡಲಾಗದು. ಒಂದನ್ನು ಬಿಡಬೇಕಾದರೆ ಸೆರೆಮನೆಯನ್ನು ಬಿಡಬಹುದು. ಬಿಡಬಾರದ್ದು ಕಂಡಿಯ ಮೂಲೆ ಮತ್ತು ಅದರ ಎದುರಿನ ಹೊಳೆ. ಕೃಷ್ಣರಾಜಸಾಗರದ ಕಟ್ಟೆಯ ಕೆಲಸ 1911ರಲ್ಲಿ ಮೊದಲಾಗಿ 1930ರ ದಶಕದ ಆರಂಭದಲ್ಲಿ ಮುಗಿದ ಮೇಲೆ ಇಲ್ಲಿನ ನೀರು ಮುಂಗಾರಿನ ಇಚ್ಛೆಯಂತೆ ಬರುವುದಿಲ್ಲ. ಬೇಸಿಗೆಯಲ್ಲಿ ಬಂಡೆಗಳ ನಡುವೆ ಹುಡುಗರು ಬಟ್ಟೆ ನೆನೆಯದೆ ಅರ್ಧ ಹೊಳೆಯನ್ನು ದಾಟುತ್ತಾರೆ, ಮೇಲೆ ಕೋಟೆಯ ಗೋಡೆಯಲ್ಲಿ ಹುಲ್ಲು ಬೆಳೆದ ಆ ತಗ್ಗು ಕಾಣುತ್ತದೆ. ಆಷಾಢ ಶ್ರಾವಣಗಳಲ್ಲಿ ಕಟ್ಟೆ ತುಂಬಿ ಬಾಗಿಲು ತೆರೆದರೆ ಮಾತ್ರ ಹಳೆಯ ಕಾವೇರಿಯು ಕೆಲವು ದಿನಗಳ ಮಟ್ಟಿಗೆ ಬಂದುಹೋಗುತ್ತದೆ. 1804ರಲ್ಲಿ ದಿವಾನ್ ಪೂರ್ಣಯ್ಯನವರು ಕಲ್ಲಿನ ಕಂಬಗಳ ಮೇಲೆ ಕಟ್ಟಿಸಿ ಗವರ್ನರ್ ಜನರಲ್ಲನ ಹೆಸರಿಟ್ಟ ವೆಲ್ಲೆಸ್ಲಿ ಸೇತುವೆಯ ಮೇಲೆ ಆಗ ಕೆಂಪು ನೀರು ಹರಿಯುತ್ತದೆ, ಪೋಲೀಸರು ಎರಡು ತುದಿಗಳಲ್ಲಿಯೂ ಅಡ್ಡಗಟ್ಟಿ ಜನರನ್ನು ಹಿಂದಕ್ಕೆ ಕಳುಹಿಸುತ್ತಾರೆ, ಮತ್ತು ದಡದಲ್ಲಿ ನಿಂತವರು ದ್ವೀಪವನ್ನು ದ್ವೀಪವಾಗಿ ನೋಡುತ್ತಾರೆ.